ಮಜ್ಜಿಗೆ ಕುಡಿದ ಕೋಳಿಗಳು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬೆಳಿಗ್ಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಯಾರಾದರೂ ಕೂಡುತ್ತಿದ್ದರು. ಸಂಜೆ ಬರುವಾಗ ಯಾರೂ ಕೂಡುತ್ತಿರಲಿಲ್ಲ. ಸಂಜೆ ನನ್ನ ತೊಡೆಯ ಮೇಲೆ ಐಸ್ ತುಂಬಿದ ಡಬ್ಬಿ ಇರುತ್ತಿತ್ತು, ಅದರೊಳಗೆ ಕೋಳಿಗಳ ಕರುಳು. ಮುಚ್ಚಳ ಎಷ್ಟು ಬಿಗಿ ಮಾಡಿದರೂ ವಾಸನೆ ಬರುತ್ತಿತ್ತು, ಯಾಕೆಂದರೆ ಅದು ಡಬ್ಬಿಯ ವಾಸನೆಯಲ್ಲ, ನನ್ನ ಕೂದಲಿನದು, ಬಟ್ಟೆಯದು. ಹೆಂಗಸರು ಮೂಗಿಗೆ ಸೆರಗು ಹಿಡಿದು ಎದ್ದು ಮುಂದಿನ ಸೀಟಿಗೆ ಹೋಗುತ್ತಿದ್ದರು. ಕಂಡಕ್ಟರ್ ಮಾತ್ರ ಟಿಕೆಟ್ ಹರಿದು ಕೊಡುತ್ತ, “ಡಾಕ್ಟರಬಾಯಿ, ಇವತ್ತೆಷ್ಟು ಮಂದೀಗಿ ಕೊಯ್ದು ಬಂದ್ರಿ?” ಎಂದು ಚೇಷ್ಟೆ ಮಾಡುತ್ತಿದ್ದ. ನಾನು ನಗುತ್ತಿರಲಿಲ್ಲ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಪಶುವೈದ್ಯಕೀಯ ಓದಿ ಮುಗಿಸಿ ನಾನು ಬ್ರಾಯ್ಲರ್ ಕೋಳಿಗಳ ಕರುಳು ಕೊಳೆಯುವ ರೋಗದ ಮೇಲೆ ಸಂಶೋಧನೆಗೆ ಸೇರಿದ್ದೆ. ಆ ರೋಗ ಬಂದರೆ ಸಂಜೆಯವರೆಗೆ ಚೆನ್ನಾಗಿ ಓಡಾಡಿದ ಕೋಳಿ ಬೆಳಗಾಗುವಷ್ಟರಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಕೊಯ್ದು ನೋಡಿದರೆ ಕರುಳು ಗಾಳಿ ತುಂಬಿ ಉಬ್ಬಿರುತ್ತದೆ, ಒಳಪೊರೆ ಹಳೆಯ ಟವೆಲ್ಲಿನ ಹಾಗೆ ಒರಟಾಗಿ ಎದ್ದಿರುತ್ತದೆ. ಇದು ಬಾರದಿರಲೆಂದು ಮರಿ ಬಂದ ದಿನದಿಂದಲೇ ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸುವುದು ಎಲ್ಲ ಕಡೆಯ ರೂಢಿ. ರೋಗವಿದ್ದರೂ ಹಾಕು, ಇಲ್ಲದಿದ್ದರೂ ಹಾಕು. ಹೀಗೆ ಹಾಕುತ್ತಲೇ ಹೋದರೆ ಒಂದು ದಿನ ಆ ಔಷಧ ಕೋಳಿಗೂ ನಾಟುವುದಿಲ್ಲ, ಕೋಳಿ ತಿಂದ ಮನುಷ್ಯನಿಗೂ ನಾಟುವುದಿಲ್ಲ ಎಂಬ ಭಯ ನನಗಿತ್ತು. ಔಷಧದ ಬದಲು ಮಜ್ಜಿಗೆಯಲ್ಲಿರುವ ಒಳ್ಳೆಯ ಜೀವಾಣುಗಳನ್ನು ಕುಡಿಸಿದರೆ ಅವು ಕರುಳಿನಲ್ಲಿ ಜಾಗ ಹಿಡಿದು ಕೂತು, ಕೆಟ್ಟದ್ದಕ್ಕೆ ಜಾಗ ಸಿಗದ ಹಾಗೆ ಮಾಡಬಹುದೇ ಎಂಬುದು ನನ್ನ ಪ್ರಶ್ನೆ.

ಪ್ರಶ್ನೆ ಸಣ್ಣದು, ಅದರ ಹಿಂದೆ ಬಿದ್ದವಳ ಪಾಡು ಮಾತ್ರ ನಾಯಿಪಾಡು. ನನಗೆ ಪಾಠ ಹೇಳುತ್ತಿದ್ದ ಗೈಡ್ ಮೇಷ್ಟ್ರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಮನೆಯಲ್ಲಿ ಅಪ್ಪನಿಗೆ ನನ್ನ ಮದುವೆಯ ಚಿಂತೆ. ಅಕ್ಕತಂಗಿಯರಿಗೆ ನಾನು ಏನು ಮಾಡುತ್ತೇನೆಂದು ನಾಲ್ಕು ಮಂದಿಗೆ ಹೇಳಲೂ ನಾಚಿಕೆ. ಮನೆತನದಲ್ಲಿ ತತ್ತಿ ಸಹ ಮುಟ್ಟದವರು ನಾವು, ನಾನು ನೋಡಿದರೆ ಮೊಣಕೈವರೆಗೆ ಕೋಳಿಯ ಹೊಟ್ಟೆಯಲ್ಲಿ.

ಬಸವಕಲ್ಯಾಣದ ದನದ ದವಾಖಾನೆಯ ಹಿಂದಿನ ಖೋಲಿಯೊಂದನ್ನು ನನಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಒಂದು ಸೂಕ್ಷ್ಮದರ್ಶಕ, ಜೀವಾಣು ಬೆಳೆಸುವ ಒಂದು ಬಿಸಿಪೆಟ್ಟಿಗೆ, ಗಾಜಿನ ತಟ್ಟೆಗಳು. ಇರುವುದಕ್ಕೆ ಕೋಟೆಯ ಕಡೆಯ ಓಣಿಯಲ್ಲಿ ಒಂದು ಬಾಡಿಗೆ ಕೋಣೆ. ಮನೆಯೊಡತಿ ಬೆಳಿಗ್ಗೆ ಪೂಜೆಯಾಗದೆ ಗುಟುಕು ನೀರು ಕುಡಿಯದ ಹಿರಿಯ ಹೆಂಗಸು. ನನ್ನ ಕೆಲಸ ಗೊತ್ತಾದ ದಿನ ಅವರು ಬಾಗಿಲಲ್ಲೇ ನಿಂತು ಹೇಳಿದರು. “ನೀ ನಮ್ಮ ಪೈಕಿಯಾಕಿ ಅಂತ ಖೋಲಿ ಕೊಟ್ಟೀನಿ. ಬಿಡು ಅನ್ನಂಗಿಲ್ಲ. ಖರೇ, ಹೊರಗಿನ ನಳದಾಗ ತಲಿಮ್ಯಾಲೆ ನೀರು ಹಾಕ್ಕೊಂಡೇ ಒಳಗ ಬರಬೇಕು ನೋಡವ್ವ.” ಥಂಡಿ ದಿನಗಳಲ್ಲಿ ಆ ನಳದ ಕೆಳಗೆ ನಿಂತಾಗ ನನಗೆ ಅಳು ಬರುತ್ತಿತ್ತು. ಆದರೆ ಮಜ್ಜಿಗೆಗೆ ಬೇಕಾದ ಹೆಪ್ಪು ಸಿಕ್ಕಿದ್ದು ಅವರ ಗಡಿಗೆಯಿಂದಲೇ. ನಾನು ಓಣಿಯ ಮನೆಮನೆಯ ಹೆಪ್ಪು ಪರೀಕ್ಷಿಸಿ ನೋಡಿದ್ದೆ, ಅವರ ಮನೆಯದಷ್ಟು ಗಟ್ಟಿ ಜೀವಾಣು ಬೇರೆಲ್ಲೂ ಇರಲಿಲ್ಲ. ಯಾರಿಗೆ ಎಂದು ಕೇಳಿದರು. ಕೋಳಿಗಳಿಗೆ ಎಂದೆ. “ಶಿವಶಿವಾ” ಎಂದರು. ಆದರೂ ಮೇಲಿನಿಂದ, ನನ್ನ ಬಟ್ಟಲಿಗೆ ತಾಗದ ಹಾಗೆ ಒಂದು ಚಮಚೆ ಸುರಿದರು. “ಹಗಲಿನಾಗ ಕೇಳು. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರ್ದು.”

ಕೋಳಿ ಶೆಡ್ಡುಗಳು ಹುಮನಾಬಾದಿನಿಂದ ಹಳ್ಳಿಖೇಡ (ಬಿ) ಕಡೆಗೆ ಹೋಗುವ ರಸ್ತೆಯಲ್ಲಿದ್ದವು. ಕಬ್ಬು ನುರಿಸುವ ಕಾಲದಲ್ಲಿ ಆ ರಸ್ತೆ ತುಂಬ ಟ್ರ್ಯಾಕ್ಟರುಗಳೇ. ಶೆಡ್ಡಿನ ಸಾಹುಕಾರರು ಹುಮನಾಬಾದಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವವರು, ಕೋಳಿ ಸಾಕಿಯೂ ಕೋಳಿ ತಿನ್ನದವರು. ಒಂದು ದೊಡ್ಡ ಶೆಡ್ಡಿನಲ್ಲಿ ಎಲ್ಲರ ಹಾಗೆ ಔಷಧ ಬೆರೆಸಿದ ಮೇವು ಹಾಕಿ ಸಾಕುತ್ತಿದ್ದರು. ಪಕ್ಕದ ಸಣ್ಣ ಶೆಡ್ಡನ್ನು ನನ್ನ ಪ್ರಯೋಗಕ್ಕೆ ಕೊಟ್ಟಿದ್ದರು. ಮಜ್ಜಿಗೆಯ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ದವಾಯಿ ಕುಡದ ಕೋಳಿನೇ ಉಳಿಯಂಗಿಲ್ಲ, ಮಜ್ಜಗಿ ಕುಡದದ್ದು ಉಳಿತದೇನ್ರಿ? ಇರ್ಲಿ, ಓದಿದೋರು ಅದೀರಿ, ಮಾಡ್ರಿ.”

ಎರಡೂ ಶೆಡ್ಡುಗಳನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಹೆಂಗಸು. ಮುಡಬಿ ಕಡೆಯವಳು. ಗಂಡ ತೀರಿಕೊಂಡಿದ್ದ. ಒಬ್ಬ ಮಗಳನ್ನು ಸೊಲ್ಲಾಪುರದ ಕಡೆ ಕೊಟ್ಟಿದ್ದಳು. ಶೆಡ್ಡಿಗೆ ಹತ್ತಿದ ಖೋಲಿಯಲ್ಲಿ ಒಂದು ಒಲೆ, ಒಂದು ಕೌದಿ, ಗೋಡೆಗೆ ಬುದ್ಧನ ಕ್ಯಾಲೆಂಡರ್, ಇಷ್ಟೇ ಅವಳ ಸಂಸಾರ. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ, ಅವಳು ನನ್ನನ್ನು ಎಲ್ಲರ ಹಾಗೆ ಡಾಕ್ಟರಬಾಯಿ ಎನ್ನುತ್ತಿದ್ದಳು. ಮೊದಲ ದಿನವೇ ನಾನು ಅವಳಿಗೆ ನಿಯಮಗಳನ್ನು ಹೇಳಿದ್ದೆ. ಕೋಳಿರೋಗ ಮನುಷ್ಯರ ಕಾಲಿಗೆ ಹತ್ತಿಕೊಂಡೇ ಬರುತ್ತದೆ. ಹೊರಗಿನವರು ಯಾರೂ ಶೆಡ್ಡಿನ ಕಡೆ ಬರಬಾರದು, ನೀವು ಸಂತೆಗೆ ಹೋಗಬಾರದು, ಮದುವೆ ಮುಂಜಿ ಏನಿದ್ದರೂ ಒಂದು ಬ್ಯಾಚಿನ ಮರಿಗಳು ಬೆಳೆದು ಮಾರಾಟವಾದ ಮೇಲೆ. ಅವಳು ಸೆರಗು ಸರಿ ಮಾಡಿಕೊಂಡು, “ಹೌದ್ರಿ” ಎಂದಿದ್ದಳು. ಬಾಗಿಲಿಗೆ ಸುಣ್ಣದ ಗೆರೆ ಹಾಕಿಸಿದೆ. ಕಿರಾಣಿ ಸಾಮಾನನ್ನು ನಾನೇ ತಂದುಕೊಡುತ್ತಿದ್ದೆ. ಅವಳು ಬೇಜಾರಿಲ್ಲದ ಹೆಂಗಸು ಎಂದು ನನಗೆ ನಾನೇ ಅಂದುಕೊಂಡಿದ್ದೆ.

ಒಬ್ಬಂಟಿತನ ಎಂದರೆ ನನ್ನ ಪಾಲಿಗೆ ಬಂದದ್ದು ಎಂದೇ ನಾನು ನಂಬಿದ್ದೆ. ಬಸ್ಸಿನಲ್ಲಿ ಒಬ್ಬಳೇ, ಖೋಲಿಯಲ್ಲಿ ಒಬ್ಬಳೇ, ಭಾನುವಾರ ಕಲ್ಯಾಣದ ಬಜಾರಿನಲ್ಲಿ ತಿರುಗಿದರೂ ಒಬ್ಬಳೇ. ಎಸ್‌ಟಿಡಿ ಬೂತಿನಲ್ಲಿ ಅಮ್ಮನ ಜೊತೆ ಮಾತಾಡಿದರೆ ಅವಳು ಊಟದ ಸುದ್ದಿ ಕೇಳುತ್ತಿದ್ದಳು, ನಾನು ಕರುಳಿನ ಸುದ್ದಿ ಹೇಳುವ ಹಾಗಿರಲಿಲ್ಲ. ನಾಲ್ಕು ಮಾತಿಗೇ ನಾನು ಫೋನ್ ಇಡುತ್ತಿದ್ದೆ.

ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಶೆಡ್ಡಿನ ಕೋಳಿಗಳ ಕರುಳು ನೋಡಿ, ಹೆಪ್ಪು ಪರೀಕ್ಷಿಸಿ ಆದ ಮೇಲೆ ಶುರುವಾದ ನನ್ನ ಮೊದಲ ಬ್ಯಾಚ್ ಪೂರಾ ಕೈಕೊಟ್ಟಿತು. ಎರಡನೆಯದು ಮೂರು ವಾರ ಚೆನ್ನಾಗಿ ಬೆಳೆದು, ಆಮೇಲೆ ಬೇನೆಗೆ ಬಿತ್ತು. ಬೆಳಿಗ್ಗೆ ಬಸ್ಸಿಳಿದು ಹೋದರೆ ಅಕ್ಕ ಸತ್ತ ಕೋಳಿಗಳನ್ನು ಬಾಗಿಲ ಮುಂದೆ ಸಾಲಾಗಿ ಇಟ್ಟು ಕೂತಿರುತ್ತಿದ್ದಳು. ಒಂದು ದಿನ ಆ ಸಾಲು ಬಾಗಿಲಿನಿಂದ ನೀರಿನ ಡ್ರಮ್ಮಿನವರೆಗೆ ಹೋಗಿತ್ತು. ಅವತ್ತು ನಾನು ಚೂರಿ ಕೆಳಗಿಟ್ಟು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಅಕ್ಕ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಎರಡು ವರ್ಷಗಳಲ್ಲಿ ಅಷ್ಟು ಹತ್ತಿರ ಬಂದು ಕೂತವರು ಇನ್ನಾರೂ ಇರಲಿಲ್ಲ.

“ಇನ್ನೊಂದೇ ಬ್ಯಾಚ್ ಅಂತ, ಅಕ್ಕಾ” ಎಂದೆ. “ಅದೂ ಹೋದ್ರ ಗಂಟುಮೂಟಿ ಕಟ್ಕೊಂಡು ಬಾ ಅಂದಾರ ನಮ್ಮ ಸರು. ಕೋಳಿ ಉಳಿದ್ರ ನಾನು ಉಳದೆ. ಇಲ್ಲಾಂದ್ರ ಊರಿಗಿ ಹೋಗೋದು, ಯಾರ ತಾಳಿಗಾರ ಕೊಳ್ಳ ಒಡ್ಡೋದು.”

“ಹಂಗ್ಯಾಕ ಅಂತೀರಿ? ಈ ಸಲ ಉಳಿತಾವ ಬಿಡ್ರಿ” ಎಂದಳು ಅವಳು.

ಮೂರನೆಯ ಬ್ಯಾಚಿನ ಕೋಳಿಗಳು ನಿಜಕ್ಕೂ ಉಳಿದವು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಮೂರು ವಾರವಾಯಿತು, ನಾಲ್ಕಾಯಿತು, ಸಾಲಾಗಿಡುವಷ್ಟು ಕೋಳಿ ಸಾಯಲೇ ಇಲ್ಲ. ಪರೀಕ್ಷೆಗೆಂದು ಕೊಯ್ದವುಗಳ ಕರುಳು ತೆಳುವಾಗಿ, ನುಣುಪಾಗಿ ಇರುತ್ತಿತ್ತು. ಸಾಹುಕಾರರು ಬಂದು ನೋಡಿ, ಒಂದು ಕೋಳಿಯನ್ನು ಕೈಯಲ್ಲೆತ್ತಿ ತೂಗಿ, “ಮಜ್ಜಗಿದೂ ತಾಕತ್ತದ ನೋಡ್ರಿ” ಎಂದರು. ನನಗೆ ಆಕಾಶ ಮೂರೇ ಗೇಣು. ಗೈಡ್ ಮೇಷ್ಟ್ರಿಗೆ ಫೋನ್ ಮಾಡಿದರೆ ಅವರ ದನಿಯೂ ಮೆತ್ತಗಾಗಿತ್ತು. ಸಂಜೆ ಬಸ್ಸಿನಲ್ಲಿ ಖಾಲಿ ಸೀಟಿನ ಮೇಲೆ ಡಬ್ಬಿ ಇಟ್ಟು ಆರಾಮಾಗಿ ಕಾಲು ಚಾಚಿ ಕೂತೆ.

ಒಂದೇ ಒಂದು ತೊಡಕು ಉಳಿದಿತ್ತು. ನಾನು ದಿನಾ ಕುಡಿಸುತ್ತಿದ್ದ ಮಜ್ಜಿಗೆಯ ಜೀವಾಣುಗಳು ಆ ಕರುಳುಗಳಲ್ಲಿ ಸಿಗುತ್ತಿರಲಿಲ್ಲ. ಕರುಳಿನ ರಸವನ್ನು ಗಾಜಿನ ತಟ್ಟೆಯಲ್ಲಿ ಬಳಿದು ಬಿಸಿಪೆಟ್ಟಿಗೆಯಲ್ಲಿಟ್ಟರೆ ಮರುದಿನ ತಟ್ಟೆಯ ತುಂಬ ಬಿಳಿ ಚುಕ್ಕೆ ಏಳಬೇಕು. ನನ್ನ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು. ಕೈ ತಪ್ಪಾಯಿತೇನೋ ಎಂದು ಮತ್ತೆ ಮಾಡಿದೆ, ಮತ್ತೆ ಅದೇ. ಮಜ್ಜಿಗೆಯ ಜೀವಾಣುವೇ ಇಲ್ಲದ ಮೇಲೆ ಕೋಳಿಗಳನ್ನು ಉಳಿಸಿದ್ದು ಯಾವುದು? ಸುಮ್ಮನಿದ್ದುಬಿಡಬಹುದಿತ್ತು. ಆದರೆ ತಲೆಯಲ್ಲಿ ಹುಳ ಹೊಕ್ಕರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಕೆಚ್ಚಲು ಬಾತಾಗ ಸೂಜಿ ಮಾಡಿಸಿದ ಎಮ್ಮೆಯ ಹಾಲು ಹೆಪ್ಪು ಹತ್ತುವುದಿಲ್ಲ. ಸೂಜಿಯ ಔಷಧ ಹಾಲಿಗೆ ಇಳಿದು ಹೆಪ್ಪಿನ ಜೀವಾಣುಗಳನ್ನೇ ಕೊಲ್ಲುತ್ತದೆ. ಹಳ್ಳಿಯ ಹೆಂಗಸರಿಗೆಲ್ಲ ಗೊತ್ತಿರುವ ಮಾತು ಇದು. ಅಂಥದ್ದೇನಾದರೂ ನನ್ನ ಕೋಳಿಗಳ ನೀರಿಗೂ ಸೇರಿರಬಹುದೇ ಎಂದು ನಾನು ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದ ಕೂಡಲೇ, ಮಜ್ಜಿಗೆ ಬೆರೆಸುವ ಮುಂಚೆ, ಕೋಳಿಗಳು ಕುಡಿದು ಉಳಿಸಿದ್ದ ನೀರನ್ನು ಒಂದು ಶೀಶೆಯಲ್ಲಿ ತುಂಬಿಕೊಂಡೆ. ಅಕ್ಕ ನೋಡುತ್ತಿದ್ದಳು. ಕಲ್ಯಾಣಕ್ಕೆ ಬಂದು ಹಾಲು ಕಾಯಿಸಿ ಎರಡು ಬಟ್ಟಲಿಗೆ ಹಾಕಿದೆ. ಒಂದಕ್ಕೆ ನಳದ ನೀರು ಸ್ವಲ್ಪ, ಇನ್ನೊಂದಕ್ಕೆ ಶೆಡ್ಡಿನ ನೀರು ಸ್ವಲ್ಪ, ಎರಡಕ್ಕೂ ಮನೆಯೊಡತಿಯ ಹೆಪ್ಪು. ಬೆಳಿಗ್ಗೆ ನೋಡಿದರೆ ಒಂದು ಬಟ್ಟಲಲ್ಲಿ ಚಾಕುವಿನಿಂದ ಕೊಯ್ಯುವಂಥ ಮೊಸರು. ಶೆಡ್ಡಿನ ನೀರು ಹಾಕಿದ್ದರಲ್ಲಿ ಹಾಲು ಹಾಲಾಗಿಯೇ ಇತ್ತು.

ಮನೆಯೊಡತಿ ಬಾಗಿಲಿನಿಂದ ಇಣುಕಿ, “ಯಾಕವ್ವ, ಹೆಪ್ಪು ಹತ್ತಿಲ್ಲೇನು?” ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಕೋಳಿಗಳು ಎಲ್ಲರ ಕೋಳಿಗಳ ಹಾಗೆ ಆಂಟಿಬಯಾಟಿಕ್ ಕುಡಿದು ಉಳಿದಿದ್ದವು.

ಆ ದಿನ ಬಸ್ಸಿನಲ್ಲಿ ಹೋಗುತ್ತ ಏನೆಲ್ಲ ಬೈಯಬೇಕೆಂದು ಒಂದೊಂದೇ ಮಾತು ಜೋಡಿಸಿಕೊಂಡೆ. ಶೆಡ್ಡಿನಲ್ಲಿ ಅಕ್ಕ ಕೋಳಿಗಳ ಕಾಲಡಿಗೆ ಹಾಸಿದ ಹೊಟ್ಟು ತಿರುವಿ ಹಾಕುತ್ತಿದ್ದಳು.

“ಅಕ್ಕಾ, ನೀರಿಗಿ ಏನು ಹಾಕಾಕತ್ತೀರಿ?”

ಅವಳು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಆನಿಸಿಟ್ಟಳು. ಸುಳ್ಳು ಹೇಳಲಿಲ್ಲ. “ದೊಡ್ಡ ಶೆಡ್ಡಿನ ದವಾಯಿ ಪುಡಿ ರೀ. ಜರಾಸೇ. ಸಂಜಿಗಿ ನೀವು ಹೋದ ಮ್ಯಾಲ.”

“ಯಾಕ?”

“ಸಾಯಬಾರ್ದಂತ.”

“ಸಾಯ್ತಾವೋ ಉಳಿತಾವೋ ಅಂತ ನೋಡಾಕೇ ನಾ ಇಲ್ಲಿ ಬಂದೀನಿ. ಎರಡು ವರ್ಸದ್ದು ನನ್ನ ಕೆಲಸ ನೀರಾಗ ಹಾಕಿದ್ರಿ ನೀವು. ನಿಮ್ಮನ್ನ ನಂಬಿ ಕೆಟ್ಟೆ.” ಇನ್ನೂ ಏನೇನೋ ಅಂದೆ. ಗಂಟಲು ಹರಿಯುವ ಹಾಗೆ ಅಂದೆ. ಕೋಳಿಗಳು ಹೆದರಿ ಮೂಲೆಗೆ ಒತ್ತಿಕೊಂಡವು.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡದೆ, ನೆಲ ನೋಡುತ್ತ ಹೇಳಿದಳು. “ಕೋಳಿ ಸತ್ರ ಹೋಗತೀನಿ ಅಂದ್ರೆಲ್ಲ ನೀವು. ನೀವು ಹೋದ್ರ ಇಲ್ಲಿ ಯಾರು ಬರ್ತಾರ್ರಿ? ಸಾಹುಕಾರ್ರು ಬಾಗಿಲಾಗ ನಿಂತು ಲೆಕ್ಕ ಕೇಳಿ ಹೋಗ್ತಾರ. ಮಂದೀಗಿ ನೀವೇ ಬರಗೊಡಬ್ಯಾಡ ಅಂದೀರಿ. ಮಗಳ ಹತ್ರ ಹೋಗಿಲ್ಲ. ನೀವು ದಿನಾ ಬಂದು ಅಕ್ಕಾ ಅಂತೀರಿ. ಅದೂ ಹೋದ್ರ ನಾ ಕೋಳಿ ಜೋಡಿನೇ ಮಾತಾಡ್ಲೇನ್ರಿ?”

ಎರಡು ವರ್ಷ ನನ್ನ ಪಕ್ಕದ ಸೀಟು ಖಾಲಿ ಎಂದು ಮರುಗಿದವಳು ನಾನು. ಇವಳ ಸುತ್ತ ಸುಣ್ಣದ ಗೆರೆ ಎಳೆಸಿದವಳೂ ನಾನೇ. ಅವಳಿಗೆ ನಾನು ಬೇಕಾಗಿದ್ದೆ ಎಂಬುದು ಸಂತೋಷವೋ ಸಂಕಟವೋ ತಿಳಿಯದೆ, ಬಾಗಿಲ ಹೊರಗೆ ಹೋಗಿ ತುಂಬ ಹೊತ್ತು ರಸ್ತೆ ನೋಡುತ್ತ ನಿಂತೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಅವಳು ಒಳಗೆ ಹೊಟ್ಟು ತಿರುವುವ ಸದ್ದು ಮತ್ತೆ ಶುರುವಾಯಿತು.

ಗೈಡ್ ಮೇಷ್ಟ್ರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಬೂತಿನ ಮೀಟರ್ ಓಡುತ್ತಲೇ ಇತ್ತು, ಅವರು ಒಂದೊಂದನ್ನೂ ಬಿಡಿಸಿ ಕೇಳಿದರು. ಕೊನೆಗೆ, “ತಟ್ಟೆಯಲ್ಲಿ ಬೆಳೆಯಲಿಲ್ಲ ಅಂತ ಹುಡುಕಿಕೊಂಡು ಹೋದೆಯಲ್ಲ, ಅದು ಸರಿ. ಇನ್ನೊಂದು ಬ್ಯಾಚ್ ಮಾಡು, ಅದಾದ ಮೇಲೆ ನನ್ನನ್ನು ಕೇಳಬೇಡ” ಎಂದರು. ಸಾಹುಕಾರರಿಗೂ ಹೇಳಿದೆ. ಅಕ್ಕನ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರಿ, ಪುಡಿ ನೀರಿಗೆ ಬಿದ್ದದ್ದು ತಿಳಿಯದೆ ಆದ ತಪ್ಪು ಎಂದೆ. ಅವರು ಮೀಸೆಯಲ್ಲೇ ನಕ್ಕು, “ನನಗ ತಿಳೀತದ್ರಿ. ಮಾಡ್ರಿ ಇನ್ನೊಂದು” ಎಂದರು.

ಕೊನೆಯ ಬ್ಯಾಚಿಗೆ ಮರಿಗಳು ಬಂದ ದಿನ ಅಕ್ಕನೇ ಬೀಗ ತಂದು ನನ್ನ ಕೈಗೆ ಕೊಟ್ಟಳು. “ಪುಡಿ ಚೀಲಕ್ಕ ಕೀಲಿ ಹಾಕ್ರಿ ಡಾಕ್ಟರಬಾಯಿ. ನನ್ನ ಮ್ಯಾಲೆ ನನಗೇ ಭರೋಸಾ ಇಲ್ಲ.” ಔಷಧದ ಚೀಲ ಪೆಟ್ಟಿಗೆಗೆ ಹೋಯಿತು, ಕೀಲಿ ನನ್ನ ಕೊರಳಿಗೆ ಬಂತು. ಬೆಳಿಗ್ಗೆ ಸಂಜೆ ದೊಡ್ಡ ಶೆಡ್ಡಿನ ಪಾಲು ನಾನೇ ಅಳೆದು ಕೊಡುತ್ತಿದ್ದೆ. ಈ ಸಲ ಕೆಟ್ಟ ಜೀವಾಣುಗಳನ್ನು ಬೆಳೆಸುವ ಮೀನಿನ ಪುಡಿಯನ್ನು ಮೇವಿನಲ್ಲಿ ಕಡಿಮೆ ಮಾಡಿದೆ, ಮೊದಲ ದಿನದಿಂದಲೇ ಮಜ್ಜಿಗೆ ಶುರು ಮಾಡಿದೆ, ನೆಲದ ಹೊಟ್ಟು ಒದ್ದೆಯಾಗದಂತೆ ದಿನಾ ತಿರುವಿಸಿದೆ. ಹಾಸಿಗೆ ಸುತ್ತಿಕೊಂಡು ಬಂದು ಅಕ್ಕನ ಖೋಲಿಯಲ್ಲೇ ಇದ್ದುಬಿಟ್ಟೆ. ಕಲ್ಯಾಣದ ಮನೆಯೊಡತಿ, “ಊಟನೂ ಅಲ್ಲೇ ಏನು? ಆಕಿ ಕೈಲೆ?” ಎಂದು ಕೇಳಿದರು. ಹೌದು, ಆಕೆಯ ಕೈಯಲ್ಲೇ, ರೊಟ್ಟಿ ಬಲು ತೆಳ್ಳಗೆ ಬಡಿಯುತ್ತಾಳೆ ಎಂದೆ. ಆದರೂ ನಾನು ತಟ್ಟೆ ನೋಡಲು ಕಲ್ಯಾಣಕ್ಕೆ ಹೋದಾಗಲೆಲ್ಲ ಹೆಪ್ಪು ಕೊಡುವುದನ್ನು ಅವರು ನಿಲ್ಲಿಸಲಿಲ್ಲ.

ಅಕ್ಕ ರೊಟ್ಟಿ ಬಡಿಯುತ್ತ ಮಗಳ ಸುದ್ದಿ ಹೇಳುತ್ತಿದ್ದಳು, ನಾನು ಒಲೆಯ ಮುಂದೆ ಕೂತು ಕರುಳಿನ ಸುದ್ದಿ ಹೇಳುತ್ತಿದ್ದೆ. ನನ್ನ ಬದುಕಿನಲ್ಲಿ ಕರುಳಿನ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಕೇಳಿದವಳು ಅವಳೊಬ್ಬಳೇ. “ಅಲ್ರಿ, ಒಳ್ಳೇ ಹುಳಕ್ಕ ಮದ್ಲೇ ಜಾಗ ಕೊಟ್ರ ಕೆಟ್ಟದ್ದು ಹೊರಗೇ ನಿಂದ್ರತದೇನ್ರಿ?” ಎಂದು ಕೇಳುತ್ತಿದ್ದಳು. ಹಾಗೆಂದು ನನ್ನ ಆಸೆ ಎನ್ನುತ್ತಿದ್ದೆ. ಅವಳ ಹತ್ತಿರ ಕೂತಾಗ ಆ ಆಸೆ ದೊಡ್ಡದಾಗಿ ಕಾಣುತ್ತಿತ್ತು.

ಮೂರನೆಯ ವಾರದ ಮೇಲೆ ಬೇನೆ ಬಂತು. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಮತ್ತೆ ಸಾಲು. ಅಕ್ಕ ನರಳುತ್ತಿದ್ದ ಒಂದು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರೆಸಿಕೊಂಡಳು, ನನ್ನ ಕೊರಳಿನ ಕೀಲಿಯನ್ನು ಒಂದು ಸಲ ನೋಡಿದಳು. ಕೇಳಲಿಲ್ಲ. ನಾನೂ ತೆಗೆಯಲಿಲ್ಲ. ಒಂದು ವಾರ ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಸಾಲು ಗಿಡ್ಡವಾಯಿತು. ಒಂದು ಬೆಳಿಗ್ಗೆ ಸಾಲೇ ಇರಲಿಲ್ಲ. ದೊಡ್ಡ ಶೆಡ್ಡಿನಷ್ಟು ಉಳಿಯಲಿಲ್ಲ ನಿಜ, ಆದರೂ ಬಹುಪಾಲು ಉಳಿದವು, ಔಷಧವಿಲ್ಲದೆ ಉಳಿದವು. ಅವುಗಳ ಕರುಳಿನ ರಸ ಬಳಿದ ತಟ್ಟೆಯನ್ನು ಬಿಸಿಪೆಟ್ಟಿಗೆಯಿಂದ ತೆಗೆದರೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಆ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ಅಕ್ಕನಿಗೆ ತೋರಿಸಿದೆ. ಅವಳು ಬೆಳಕಿಗೆ ಹಿಡಿದು ನೋಡಿ, ಕೈಮುಗಿದು ವಾಪಸ್ ಕೊಟ್ಟಳು.

ಮುಂದೆ, ಎರಡು ಸಾವಿರದ ದಶಕದಲ್ಲಿ, ಈ ಕೆಲಸಕ್ಕೆ ಜನ ನನ್ನನ್ನು ಕರೆದು ಕೂರಿಸಿ ಕೇಳುವ ಹಾಗಾಯಿತು. ಮಜ್ಜಿಗೆ ಡಾಕ್ಟರು ಎಂದು ಹೆಸರೂ ಬಿತ್ತು. ಎಲ್ಲ ಶುರುವಾದದ್ದು ಆ ಬ್ಯಾಚಿನಿಂದಲೇ. ಪ್ರಬಂಧ ಒಪ್ಪಿತವಾಯಿತು, ದೂರದ ಊರಿನಲ್ಲಿ ನೌಕರಿಯೂ ಸಿಕ್ಕಿತು. ಅಪ್ಪ ಮದುವೆಯ ಮಾತು ತೆಗೆಯುವುದನ್ನು ಬಿಟ್ಟರು. ನೌಕರಿಯ ಸುದ್ದಿ ಬಂದ ದಿನ ಬೂತಿನಿಂದ ಹೊರಗೆ ಬಂದು ಯಾರಿಗೆ ಹೇಳಲಿ ಎಂದು ನೋಡಿದರೆ, ಹೇಳಬೇಕಾದವಳು ಒಬ್ಬಳೇ ಇದ್ದಳು. ಅವಳಿಗೆ ಹೇಳಲು ಮಾತ್ರ ಒಂದು ವಾರ ಬೇಕಾಯಿತು.

ಹೊರಡುವ ದಿನ ಅಕ್ಕ ಹುಮನಾಬಾದಿನ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಳು. ಶೆಡ್ಡು ಖಾಲಿಯಿತ್ತು, ಹೊಸ ಮರಿ ಬರಲು ಇನ್ನೂ ದಿನಗಳಿದ್ದವು. ಮಗಳ ಊರಿಗೆ ಹೋಗಿ ಬನ್ನಿ, ಇನ್ನು ಯಾವ ನಿಯಮವೂ ಇಲ್ಲ ಎಂದೆ. ಹೂಂ ಎಂದಳು. ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿದಳು, ಕಿಟಕಿಯ ಪಕ್ಕದ ಸೀಟು ಹಿಡಿದಿಟ್ಟಳು. ಆಮೇಲೆ ಕೆಳಗೆ ನಿಂತು, ಕಿಟಕಿಯ ಸರಳು ಹಿಡಿದುಕೊಂಡು, ಸಿಟ್ಟಿಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದಳು.

“ಕೋಳಿ ಸತ್ರ ಹೋಗತೀನಿ ಅಂದಿದ್ರಿ. ಈ ಸಲ ಕೋಳಿ ಉಳದವಲ್ರಿ. ಮತ್ಯಾಕ ಹೊಂಟೀರಿ?”